ಮಸುಕು ಜೇಡ, ಅಮ್ಮನ ಭಯ ಮತ್ತು ತರಗೆಲೆಯ ಉಣುಗು

ಪ್ರಶ್ನೆ: ನಾನು ಶಿವಮೊಗ್ಗದಲ್ಲಿ ಬ್ಯಾಂಕ್ ಉದ್ಯೋಗಿ. ಬೇಸಿಗೆಯಲ್ಲಿ ತೀರ್ಥಹಳ್ಳಿ ಹತ್ತಿರದ ತವರಿಗೆ ಹೋದಾಗ ಅಣ್ಣನ ಮಕ್ಕಳಿಬ್ಬರನ್ನು ಕಟ್ಟಿಕೊಂಡು ತೋಟ, ಸೊಪ್ಪಿನ ಬೆಟ್ಟ ಸುತ್ತಿ ಜೇಡ, ಹುಳುಗಳ ಫೋಟೋ ತೆಗೆಯುತ್ತೇನೆ. ಕ್ಯಾಮೆರಾ ಜೊತೆ ಬಂದ 18-55 ಮತ್ತು 55-250 ಎಂಎಂ ಜೂಮ್ ಲೆನ್ಸುಗಳಿವೆ. ಎಷ್ಟು ಹತ್ತಿರ ಹೋದರೂ ಫೋಟೋ ಮಸುಕು. 100 ಎಂಎಂ ಮ್ಯಾಕ್ರೋ ಲೆನ್ಸ್ ಇಲ್ಲದೆ ಆಗೋದೇ ಇಲ್ಲ ಅಂತ ಅಂಗಡಿಯವರು ಹೇಳಿದರು. ಹುಳವನ್ನು ಡಬ್ಬಿಗೆ ಹಾಕಿ ಸ್ವಲ್ಪ ಹೊತ್ತು ಫ್ರಿಜ್‌ನಲ್ಲಿಟ್ಟರೆ ಅಲ್ಲಾಡದೆ ಕೂರುತ್ತೆ ಅಂತ ಗೆಳತಿ ಹೇಳುತ್ತಾಳೆ. ಅಮ್ಮನದು ಬೇರೆಯೇ ಗಲಾಟೆ: ಜೇಡ ಮೈಮೇಲೆ ಉಚ್ಚೆ ಹೊಯ್ದರೆ ಗುಳ್ಳೆ ಏಳುತ್ತೆ, ಮಕ್ಕಳನ್ನು ಕರ್ಕೊಂಡು ಹೋಗಬೇಡ ಅಂತ. ಹೋದ ವರ್ಷ ಚಿಕ್ಕವನ ಕುತ್ತಿಗೆಯಲ್ಲಿ ಗೀಚಿದ ಹಾಗೆ ಉದ್ದಕ್ಕೆ ಗುಳ್ಳೆ ಎದ್ದೂ ಇತ್ತು. ಫ್ಲಾಶ್ ಹೊಡೆದರೆ ಜೇಡದ ಕಣ್ಣು ಹೋಗುತ್ತಾ? ಆಗುಂಬೆ ಕಾಡಿಗೆ ಹೋದರೆ ಇನ್ನೂ ಚೆನ್ನಾಗಿ ಸಿಗುತ್ತಾ? ನಾಲ್ಕು ಫೋಟೋ ಕಳಿಸಿದ್ದೇನೆ, ನೋಡಿ ಹೇಳಿ.

ಉತ್ತರ: ನಿಮ್ಮ ಪತ್ರದಲ್ಲಿ ಲೆನ್ಸಿನ ಚಿಂತೆ ಇದೆ, ಜೇಡದ ಭಯ ಇದೆ. ಉಣುಗಿನ, ಅಂದರೆ ಮೈಗೆ ಕಚ್ಚಿ ರಕ್ತ ಹೀರುವ ಸಣ್ಣ ಜೀವಿಯ, ಮಾತೇ ಇಲ್ಲ. ಬೇಸಿಗೆಯಲ್ಲಿ ಮಲೆನಾಡಿನ ತರಗೆಲೆ ಮೇಲೆ ಮೊಣಕಾಲೂರಿ ಕೂರುವವರು ಮೊದಲು ಕೇಳಬೇಕಾದದ್ದು ಅದನ್ನು. ಅದನ್ನು ಆಮೇಲೆ ವಿವರವಾಗಿ ಹೇಳುತ್ತೇನೆ. ಫೋಟೋಗಳು ಕಣ್ಣೆದುರಿಗೇ ಇವೆ, ಅಲ್ಲಿಂದ ಶುರು ಮಾಡೋಣ.

ನಾಲ್ಕೂ ಫೋಟೋಗಳ ಒಳಗಿನ ಮಾಹಿತಿ ತೆಗೆದು ನೋಡಿದೆ. ಕ್ಯಾಮೆರಾ ಆಟೋದಲ್ಲಿದೆ. ಶಟರ್ (ಬೆಳಕು ಒಳಬಿಡುವ ಹೊತ್ತು) 1/40 ಸೆಕೆಂಡ್, ಅಪರ್ಚರ್ (ಬೆಳಕು ಬರುವ ತೂತು, ಅಂಕಿ ಏರಿದಷ್ಟೂ ತೂತು ಸಣ್ಣ) ಎಫ್ 5.6, ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 3200. ಅಡಿಕೆ ತೋಟದ ನೆರಳಲ್ಲಿ ಆಟೋಗೆ ಬಿಟ್ಟರೆ ಯಾವ ಕ್ಯಾಮೆರಾನೂ ಹೀಗೇ ಮಾಡುತ್ತದೆ. ಬೆಳಕು ಸಾಲದೆ ಶಟರ್ ನಿಧಾನ ಮಾಡಿದೆ, ಅದೂ ಸಾಲದೆ ಐಎಸ್ಒ ಏರಿಸಿದೆ. ಎಲೆ ಒಂಚೂರು ಅಲ್ಲಾಡಿದೆ, ನಿಮ್ಮ ಕೈಯೂ ಅಲ್ಲಾಡಿದೆ. ಕಾಳಿನಷ್ಟು ಕಂಡ ಜೇಡವನ್ನು ನೀವು ಆಮೇಲೆ ಕ್ರಾಪ್ ಮಾಡಿ ದೊಡ್ಡದು ಮಾಡಿದ್ದೀರಿ. ಜೇಡದ ಜೊತೆ ಅಲುಗಾಟವೂ ದೊಡ್ಡದಾಯಿತು. ದುಬಾರಿ ಮ್ಯಾಕ್ರೋ ಲೆನ್ಸ್ ಹಾಕಿ ಇದೇ ಸೆಟ್ಟಿಂಗ್‌ನಲ್ಲಿ ತೆಗೆದಿದ್ದರೆ ಇನ್ನೂ ಜಾಸ್ತಿ ಮಸುಕಾಗುತ್ತಿತ್ತು.

ಅಂಗಡಿಯವರು ಹೇಳಿದ್ದರಲ್ಲಿ ಅರ್ಧ ನಿಜ ಇದೆ. ನಿಮ್ಮ 18-55 ಲೆನ್ಸು ಎಷ್ಟೇ ಹತ್ತಿರ ಹೋದರೂ ವಸ್ತುವಿನ ನಿಜ ಗಾತ್ರದ ಸುಮಾರು ಮೂರನೇ ಒಂದರಷ್ಟನ್ನು ಮಾತ್ರ ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಸೆನ್ಸರ್ ಮೇಲೆ ಮೂಡಿಸುತ್ತದೆ. 9 ಮಿ.ಮೀ. ಉದ್ದದ ಹಾರುಜೇಡ ಅಲ್ಲಿ 3 ಮಿ.ಮೀ. ಆಗುತ್ತದೆ. ನಿಮ್ಮ ಸೆನ್ಸರಿನ ಅಗಲ 22 ಮಿ.ಮೀ.ಗಿಂತ ಸ್ವಲ್ಪ ಹೆಚ್ಚು. ಉಳಿದದ್ದೆಲ್ಲ ಎಲೆ. ಮ್ಯಾಕ್ರೋ ಲೆನ್ಸು ವಸ್ತುವನ್ನು ಅದರ ನಿಜ ಗಾತ್ರದಲ್ಲೇ ಮೂಡಿಸುತ್ತದೆ, ಅಂದರೆ ಒಂದಕ್ಕೆ ಒಂದು. ಅಷ್ಟು ಬೇಕು ಅನ್ನುವುದು ಸರಿ. ಆದರೆ ಅಲ್ಲಿಗೆ ಹೋಗಲು ಅಷ್ಟು ದುಡ್ಡು ಸುರಿಯಬೇಕಿಲ್ಲ.

ನಿಮ್ಮ ಹತ್ತಿರ 55-250 ಇರುವುದರಿಂದ ನಾನು ಹೇಳುವುದು ಕ್ಲೋಸ್-ಅಪ್ ಲೆನ್ಸ್. ಲೆನ್ಸಿನ ಮುಂದೆ ಕ್ಲಿಪ್ಪಿನಂತೆ ಸಿಕ್ಕಿಸುವ ಗಾಜು. ರೇನಾಕ್ಸ್ 250 ಅನ್ನುವುದನ್ನು ತುಂಬಾ ಜನ ಬಳಸುತ್ತಾರೆ. ಅದು 8 ಡಯಾಪ್ಟರಿನದು (ಗಾಜಿನ ಶಕ್ತಿಯ ಅಳತೆ), ಫೋಕಲ್ ಲೆಂತ್ 125 ಎಂಎಂ. ಜೂಮ್ 125ರಲ್ಲಿಟ್ಟರೆ ಒಂದಕ್ಕೆ ಒಂದು ಸಿಗುತ್ತದೆ, 250ರಲ್ಲಿಟ್ಟರೆ ನಿಜ ಗಾತ್ರದ ಎರಡು ಪಟ್ಟು. ಎರಡರಲ್ಲೂ ಜೇಡದಿಂದ ನಿಮಗೆ ನಾಲ್ಕೈದು ಇಂಚು ದೂರ ಇರುತ್ತದೆ. ಅಷ್ಟು ದೂರ ಇದ್ದರೆ ಬಹಳಷ್ಟು ಜೇಡಗಳು ಓಡುವುದಿಲ್ಲ. ಆದರೆ ಹತ್ತು ಅಡಿ ಆಚೆ ಚಿಟ್ಟೆ ಕಂಡರೆ ಇದನ್ನು ಬಿಚ್ಚಲೇಬೇಕು, ದೂರದ್ದಕ್ಕೆ ಫೋಕಸ್ ಆಗುವುದೇ ಇಲ್ಲ.

ಎಕ್ಸ್‌ಟೆನ್ಷನ್ ಟ್ಯೂಬ್ ಇನ್ನೊಂದು ದಾರಿ. ಒಳಗೆ ಗಾಜಿಲ್ಲದ ಬರೀ ಬಳೆ ಅದು, ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಕೂರುತ್ತದೆ. 18-55ನ್ನು 55ರಲ್ಲಿಟ್ಟು 36 ಎಂಎಂ ಟ್ಯೂಬ್ ಹಾಕಿದರೆ ಹತ್ತಿರ ಹತ್ತಿರ ಒಂದಕ್ಕೆ ಒಂದು ಬರುತ್ತದೆ. ಆದರೆ ಆಗ ಜೇಡಕ್ಕೆ ಮುತ್ತಿಡುವಷ್ಟು ಹತ್ತಿರ ಹೋಗಬೇಕು. ಲೆನ್ಸಿನ ನೆರಳೇ ಅದರ ಮೇಲೆ ಬೀಳುತ್ತದೆ. ತೋಟದಲ್ಲಿ ನಿಂತು ಲೆನ್ಸ್ ಬಿಚ್ಚಿ ಹಾಕುವಾಗ ಸೆನ್ಸರಿಗೆ ಧೂಳೂ ಹೋಗುತ್ತದೆ. ವಿದ್ಯುತ್ ಸಂಪರ್ಕದ ಪಿನ್ ಇಲ್ಲದ ಅಗ್ಗದ ಟ್ಯೂಬ್ ಮಾತ್ರ ತಗೋಬೇಡಿ, ಅಪರ್ಚರ್ ಬದಲಿಸಲು ಆಗುವುದಿಲ್ಲ. ಲೆನ್ಸನ್ನು ತಿರುವಿ ಹಾಕುವ ರಿವರ್ಸ್ ರಿಂಗ್‌ಗೂ ಇದೇ ತೊಂದರೆ. ಮಕ್ಕಳ ಕೈಗೆ ಮೊಬೈಲಿಗೆ ಸಿಕ್ಕಿಸುವ ಕ್ಲಿಪ್ ಲೆನ್ಸ್ ಕೊಟ್ಟುಬಿಡಿ. ಅವರು ನಿಮಗಿಂತ ಒಳ್ಳೇದು ತೆಗೆದರೆ ಬೇಜಾರು ಮಾಡ್ಕೋಬೇಡಿ.

ನೀವು ನಿಜಕ್ಕೂ ಖರ್ಚು ಮಾಡಬೇಕಾದದ್ದು ಬೆಳಕಿನ ಮೇಲೆ. ಒಂದಕ್ಕೆ ಒಂದು ತೆಗೆಯುವಾಗ ಎಫ್ 8ರಲ್ಲಿ ಸ್ಪಷ್ಟವಾಗಿ ಕಾಣುವ ಆಳ ಒಂದು ಮಿಲಿಮೀಟರಿಗೂ ಕಡಿಮೆ. ಮುಂದಿನ ಕಣ್ಣು ಚೂಪಾಗಿದ್ದರೆ ಹಿಂದಿನ ಕಾಲು ಮಸುಕು. ಆಳ ಹೆಚ್ಚಿಸೋಣ ಅಂತ ಎಫ್ 22ಕ್ಕೆ ಹೋದರೆ ಬೆಳಕು ಸಣ್ಣ ತೂತಿನಲ್ಲಿ ನುಸುಳುವಾಗ ಹರಡಿಕೊಂಡು ಇಡೀ ಚಿತ್ರವೇ ಮೆತ್ತಗಾಗುತ್ತದೆ. ಎಫ್ 8ರಿಂದ 11ರ ಒಳಗೆ ಇರಿ. ಆ ಅಪರ್ಚರಿಗೆ ತೋಟದ ನೆರಳಿನ ಬೆಳಕು ಸಾಲುವುದೇ ಇಲ್ಲ. ಹಾಗಾಗಿ ಫ್ಲಾಶ್ ಬೇಕೇ ಬೇಕು. ಕ್ಯಾಮೆರಾವನ್ನು ಎಲ್ಲ ಅಳತೆ ನಾವೇ ಇಡುವ ಎಂ ಮೋಡ್‌ಗೆ ತನ್ನಿ. ಶಟರ್ 1/160, ಎಫ್ 8 ಅಥವಾ 11, ಐಎಸ್ಒ 200. ಕಡಿಮೆ ಪವರಿನಲ್ಲಿ ಫ್ಲಾಶ್ ಬೆಳಗುವುದು ಸೆಕೆಂಡಿನ ಸಾವಿರಾರನೇ ಒಂದು ಭಾಗದಷ್ಟು ಹೊತ್ತು ಮಾತ್ರ. ಅಷ್ಟರಲ್ಲಿ ನಿಮ್ಮ ಕೈ ನಡುಗಿದರೂ ಚಿತ್ರದಲ್ಲಿ ಕಾಣದು.

ಬರೀ ಫ್ಲಾಶ್ ಹೊಡೆದರೆ ಜೇಡದ ನುಣುಪು ಮೈಮೇಲೆ ಬಿಳಿ ಚುಕ್ಕೆ ಸುಟ್ಟಂತೆ ಕಾಣುತ್ತದೆ. ಬೆಳಕನ್ನು ಅಗಲ ಮಾಡಿ ಮೆತ್ತಗೆ ಬೀಳಿಸಬೇಕು. ಟಿವಿ, ಮಿಕ್ಸಿ ಡಬ್ಬದೊಳಗೆ ಸುತ್ತಿ ಬರುವ ಬಿಳಿ ಫೋಮ್ ಹಾಳೆ ಇದೆಯಲ್ಲ, ಅದಕ್ಕಿಂತ ಒಳ್ಳೆಯ ಡಿಫ್ಯೂಸರ್ ನಾನು ದುಡ್ಡು ಕೊಟ್ಟು ತಂದಿಲ್ಲ. ಎ4 ಹಾಳೆಯಷ್ಟು ಕತ್ತರಿಸಿ. ನಡುವೆ ತೂತು ಮಾಡಿ ಲೆನ್ಸಿನ ಮೂತಿಗೆ ತೂರಿಸಿ, ಮೇಲ್ಭಾಗ ಮುಂದಕ್ಕೆ ಚಪ್ಪರದ ಹಾಗೆ ಬಾಗಲಿ. ಕ್ಯಾಮೆರಾದ ಪುಟ್ಟ ಫ್ಲಾಶ್ ಆ ಹಾಳೆಯ ಹಿಂದಿನಿಂದ ಬೆಳಗಲಿ. ಲೆನ್ಸ್ ಉದ್ದವಾಗಿ ಬೆಳಕು ಮುಂದಕ್ಕೆ ತಲುಪದಿದ್ದರೆ ಮಾತ್ರ ಸೆಕೆಂಡ್ ಹ್ಯಾಂಡ್ ಫ್ಲಾಶ್ ಒಂದನ್ನು ಕೊಳ್ಳಿ. ಹಿನ್ನೆಲೆ ಕಪ್ಪಾಗಿ ಬಂದರೆ ಅದು ಫ್ಲಾಶಿನ ದೋಷ ಅಲ್ಲ. ಬೆಳಕು ದೂರ ಹೋದಂತೆ ಬೇಗ ಬತ್ತುತ್ತದೆ. ಹಿಂದೆ ಹತ್ತಿರದಲ್ಲೇ ಒಂದು ಎಲೆ ಬರುವ ಹಾಗೆ ಕೋನ ನೋಡಿಕೊಂಡರೆ ಹಸಿರು ಸಿಗುತ್ತದೆ.

ಫೋಕಸ್ ವಿಚಾರದಲ್ಲಿ ಒಂದು ಅಭ್ಯಾಸ ಮಾಡಿಕೊಳ್ಳಿ. ಆಟೋಫೋಕಸ್ ಆಫ್ ಮಾಡಿ. ಎಲೆಯ ತೊಟ್ಟನ್ನು ಎಡಗೈಯ ಎರಡು ಬೆರಳಲ್ಲಿ ಹಿಡಿದು ಅದೇ ಕೈಯ ಮೇಲೆ ಲೆನ್ಸನ್ನು ಕೂರಿಸಿ. ಗಾಳಿಗೆ ಎಲೆ ಆಡಿದರೆ ಲೆನ್ಸೂ ಜೊತೆಗೇ ಆಡುತ್ತದೆ. ಫೋಕಸ್ ರಿಂಗ್ ತಿರುಗಿಸಬೇಡಿ, ಮೈಯನ್ನೇ ಕೂದಲೆಳೆಯಷ್ಟು ಮುಂದೆ ಹಿಂದೆ ಮಾಡಿ, ಕಣ್ಣು ಹೊಳೆದಾಗ ಒತ್ತಿ. ಹತ್ತರಲ್ಲಿ ಒಂದು ಸರಿ ಬಂದರೆ ಅದು ಒಳ್ಳೆಯ ಲೆಕ್ಕವೇ.

ನಿಮ್ಮ ಮೂರನೇ ಫೋಟೋಗೆ 'ಚಗಳಿ ಇರುವೆ' (ಎಲೆ ಹೆಣೆದು ಗೂಡು ಕಟ್ಟುವ ಕೆಂಪಿರುವೆ) ಅಂತ ಬರೆದಿದ್ದೀರಿ. ಕಾಲು ಎಣಿಸಿ ನೋಡಿ, ಎಂಟಿವೆ. ಮುಂದಿನ ಎರಡು ಕಾಲನ್ನು ಮೀಸೆಯ ಹಾಗೆ ಎತ್ತಿ ಆಡಿಸುತ್ತಿದೆ. ಮುಖದಲ್ಲಿ ಎರಡು ದೊಡ್ಡ ಕಣ್ಣು. ಅದು ಚಗಳಿಯ ವೇಷ ಹಾಕಿದ ಹಾರುಜೇಡ! ಚಗಳಿ ಕಚ್ಚುವ ಕಚ್ಚಿಗೆ ಹಕ್ಕಿ, ಕಣಜಗಳು ಹತ್ತಿರ ಬರುವುದಿಲ್ಲ. ಆ ಹೆದರಿಕೆಯ ಲಾಭ ಈ ಜೇಡಕ್ಕೆ. ಗಂಡಿನ ದವಡೆ ಎಷ್ಟು ಉದ್ದ ಅಂದರೆ, ಇರುವೆಯೊಂದು ಇನ್ನೊಂದನ್ನು ಕಚ್ಚಿಕೊಂಡು ಹೋಗುವಂತೆ ಕಾಣುತ್ತದೆ. ಚಗಳಿ ಕೊಟ್ಟೆ (ಎಲೆಗೂಡು) ಇಳಿಸಿ ಚಟ್ನಿ ಅರೆಯುವ ಮನೆಗಳಲ್ಲೂ ಇದನ್ನು ಕಂಡವರು ಕಡಿಮೆ. ಮಸುಕಾದರೂ ಆ ಫೋಟೋ ಇಟ್ಟುಕೊಳ್ಳಿ.

ಫ್ರಿಜ್ ವಿಷಯಕ್ಕೆ ನನ್ನದು ಒಂದೇ ಉತ್ತರ: ಬೇಡ. ತಣ್ಣಗಾದ ಹುಳದ ಕಾಲು ಜೋತು ಬೀಳುತ್ತದೆ, ಹೊರಗೆ ತೆಗೆದ ಕೂಡಲೇ ಮೈಮೇಲೆ ನೀರು ಕಟ್ಟುತ್ತದೆ. ಹುಳುಗಳನ್ನು ಬಲ್ಲವರು ಆ ಫೋಟೋ ನೋಡಿದರೆ ಗುರುತು ಹಿಡಿಯುತ್ತಾರೆ. ಕೆಲವು ಸತ್ತೇ ಹೋಗುತ್ತವೆ. ಬದುಕಿದ್ದು ಚೇತರಿಸಿಕೊಳ್ಳುವಷ್ಟರಲ್ಲಿ ಇರುವೆ ಎಳೆದುಕೊಂಡು ಹೋಗುತ್ತದೆ. ಅದೇ ಕೆಲಸವನ್ನು ಬೆಳಗಿನ ಜಾವ ಪುಕ್ಕಟೆ ಮಾಡಿಕೊಡುತ್ತದೆ. ಹುಳುಗಳ ಮೈ ಬಿಸಿ ಹೊರಗಿನ ಬಿಸಿಯನ್ನು ನೆಚ್ಚಿಕೊಂಡದ್ದು. ಬಿಸಿಲೇರುವ ಮೊದಲು ಏರೋಪ್ಲೇನ್ ಚಿಟ್ಟೆ, ಮಿಡತೆ, ದುಂಬಿಗಳು ಕಡ್ಡಿಗೆ ಅಂಟಿ ಕೂತಿರುತ್ತವೆ. ಹನ್ನೊಂದು ಗಂಟೆಗೆ ಹೋಗಿ ಓಡಿಸಿಕೊಂಡು ತಿರುಗುವುದಕ್ಕಿಂತ ಆರಕ್ಕೆ ಎದ್ದು ಹೋಗಿ, ಎಂಟೂವರೆಗೆ ತಿಂಡಿಗೆ ಬನ್ನಿ. ಅಭ್ಯಾಸಕ್ಕೆ ಜೀರುಂಡೆಯ ಪೊರೆಗಿಂತ ಒಳ್ಳೆಯ ಮಾಡೆಲ್ ಇಲ್ಲ. ಬೇಸಿಗೆಯಲ್ಲಿ ಮರದ ಕಾಂಡಕ್ಕೆ ಕಚ್ಚಿಕೊಂಡಿರುತ್ತದೆ, ಅಲ್ಲಾಡುವುದಿಲ್ಲ, ಬೇಜಾರೂ ಮಾಡಿಕೊಳ್ಳುವುದಿಲ್ಲ.

ಫ್ಲಾಶಿನಿಂದ ಜೇಡ ಕುರುಡಾಗುತ್ತದೆ ಅನ್ನುವುದಕ್ಕೆ ಗಟ್ಟಿ ಸಾಕ್ಷ್ಯ ಇಲ್ಲ. ಹಗಲಲ್ಲಿ ಫ್ಲಾಶ್ ಬಿದ್ದ ಮರುಕ್ಷಣವೇ ಹಾರುಜೇಡ ಸೊಳ್ಳೆಯ ಮೇಲೆ ನೆಗೆಯುವುದನ್ನು ನೋಡಿದ್ದೇನೆ. ಲೆನ್ಸಿನೊಳಗೆ ಏನಿದೆ ಅಂತ ಅದು ನಿಮ್ಮನ್ನೇ ತಿರುಗಿ ನೋಡುತ್ತದೆ. ಆಗ ಅದರ ದೊಡ್ಡ ಕಣ್ಣನ್ನು ಗಮನಿಸಿ. ಹೊರಗಿನ ಕಣ್ಣು ಅಲುಗುವುದಿಲ್ಲ, ಒಳಗಿನ ಪೊರೆ ಕೊಳವೆಯ ತುದಿಯಲ್ಲಿ ಅತ್ತಿತ್ತ ಸರಿಯುತ್ತದೆ. ಅದಕ್ಕೇ ಕಣ್ಣಿನ ಬಣ್ಣ ಕಪ್ಪಿನಿಂದ ತಿಳಿಯಾಗಿ ಮತ್ತೆ ಕಪ್ಪಾದ ಹಾಗೆ ಕಾಣುತ್ತದೆ. ರಾತ್ರಿಯ ಮಾತು ಬೇರೆ. ಕತ್ತಲಿಗೆ ಹೊಂದಿಕೊಂಡ ಕಣ್ಣಿನ ಎದುರು ಮೇಲಿಂದ ಮೇಲೆ ಫ್ಲಾಶ್ ಬೇಡ, ಎರಡು ಮೂರು ಸಾಕು. ಮಿಂಚುಹುಳಗಳ ಹತ್ತಿರ ಟಾರ್ಚ್, ಫ್ಲಾಶ್ ಎರಡೂ ಬೇಡ. ಗಂಡು ಹೆಣ್ಣು ಒಂದನ್ನೊಂದು ಹುಡುಕುವುದೇ ಆ ಬೆಳಕಿನಲ್ಲಿ, ನಮ್ಮ ಬೆಳಕು ಅದನ್ನು ಕೆಡಿಸುತ್ತದೆ.

ಈಗ ಅಮ್ಮನ ಮಾತಿಗೆ. ಅವರು ಕಂಡ ಗುಳ್ಳೆ ಸುಳ್ಳಲ್ಲ. ಗೀಚಿದಂತೆ ಉದ್ದಕ್ಕೆ ಗುಳ್ಳೆ ಅಂದಿರಲ್ಲ, ಅದರ ಹಿಂದೆ ಬಹುಪಾಲು ಸಲ ಇರುವುದು ಒಂದು ಸಣ್ಣ ದುಂಬಿ ಜಾತಿಯ ಹುಳ. ಒಂದು ಸೆಂಟಿಮೀಟರಿಗೂ ಕಡಿಮೆ ಉದ್ದ, ದೂರಕ್ಕೆ ಇರುವೆಯಂತೆ ಕಾಣುತ್ತದೆ. ಮೈಮೇಲೆ ಕಿತ್ತಳೆ-ಕಪ್ಪು ಪಟ್ಟೆ. ಗದ್ದೆಯ ತೇವದಲ್ಲಿ ಇರುತ್ತದೆ, ಬೆಳೆ ತಿನ್ನುವ ಜಿಗಿಹುಳಗಳನ್ನು ತಿನ್ನುವ ಉಪಕಾರಿ. ಮಳೆ ಬಿದ್ದ ಮೇಲೆ ದೀಪಕ್ಕೆ ಬರುತ್ತದೆ. ಕಚ್ಚುವುದಿಲ್ಲ, ಕುಟುಕುವುದಿಲ್ಲ. ಕುತ್ತಿಗೆ ಮೇಲೆ ಕೂತಾಗ ನಾವು ಉಜ್ಜಿ ಅರೆದುಬಿಡುತ್ತೇವೆ, ಅದರ ಮೈರಸದ ವಿಷ ಚರ್ಮಕ್ಕೆ ಅಂಟುತ್ತದೆ. ಗುಳ್ಳೆ ಏಳುವುದು ಒಂದೆರಡು ದಿನ ಕಳೆದ ಮೇಲೆ. ಅಷ್ಟು ಹೊತ್ತಿಗೆ ನಮಗೆ ಹುಳ ಮರೆತುಹೋಗಿರುತ್ತದೆ, ಗೋಡೆ ಮೇಲೆ ಜೇಡ ಕಾಣುತ್ತಿರುತ್ತದೆ. ತಪ್ಪು ಯಾರ ತಲೆಗೆ ಹೋಗುತ್ತದೆ ಹೇಳಿ!

ಹುಳ ಮೈಮೇಲೆ ಕೂತರೆ ಊದಿ ಹಾರಿಸಿ. ಉಜ್ಜಿಬಿಟ್ಟಿದ್ದರೆ ಕೂಡಲೇ ಸೋಪು ಹಾಕಿ ತೊಳೆಯಿರಿ, ಆ ಕೈಯಲ್ಲಿ ಕಣ್ಣು ಮುಟ್ಟಬೇಡಿ. ಕಣ್ಣಿನ ಹತ್ತಿರ ಆದರೆ ಅದೇ ದಿನ ಡಾಕ್ಟರ್ ಬಳಿ ಹೋಗಿ. ಮೈಯ ಒಂದೇ ಬದಿಯಲ್ಲಿ ಉರಿ, ನೋವಿನೊಂದಿಗೆ ಗುಳ್ಳೆ ಸಾಲು ಎದ್ದರೆ ಅದು ಸರ್ಪಸುತ್ತು ಇರಬಹುದು. ಅದು ವೈರಸ್ಸಿನಿಂದ ಬರುವುದು, ಬೇಗ ತೋರಿಸಿದಷ್ಟೂ ಔಷಧ ಚೆನ್ನಾಗಿ ಹಿಡಿಯುತ್ತದೆ. ಬೇಸಿಗೆ ಕೊನೆಯ ತುರಿಕೆಗೆ ಇನ್ನೊಂದು ದೊಡ್ಡ ಕಾರಣ ಕಂಬಳಿಹುಳದ ರೋಮ. ಮಕ್ಕಳಿಗೆ ಜೇಡಕ್ಕಿಂತ ಮೊದಲು ಅದನ್ನು ಮುಟ್ಟಬೇಡಿ ಅಂತ ಹೇಳಿಕೊಡಿ.

ಜೇಡಕ್ಕೆ ವಿಷ ಇಲ್ಲವೇ? ಹೆಚ್ಚುಕಮ್ಮಿ ಎಲ್ಲ ಜೇಡಕ್ಕೂ ಇದೆ. ಅದು ನೊಣ, ಮಿಡತೆಯ ಅಳತೆಯ ವಿಷ. ತೋಟದಲ್ಲಿ ಸಿಗುವ ಬಹುತೇಕ ಜೇಡಗಳ ಹಲ್ಲು ನಮ್ಮ ಚರ್ಮದಲ್ಲಿ ಇಳಿಯುವುದೂ ಕಷ್ಟ. ಬಟ್ಟೆಯೊಳಗೆ ಸಿಕ್ಕಿ ಒತ್ತಿದಾಗ, ಕೈಯಲ್ಲಿ ಹಿಡಿದಾಗ ಮಾತ್ರ ಕಚ್ಚಲು ನೋಡುತ್ತವೆ. ಒಂದು ಕಡೆ ಮಾತ್ರ ಎಚ್ಚರ ಬೇಕು. ದರೆಯ ಮಣ್ಣಿನಲ್ಲಿ ಬಾಯಿಗೆ ರೇಷ್ಮೆಯ ಅಂಚು ಕಟ್ಟಿದ ದುಂಡನೆಯ ಬಿಲ ಕಂಡರೆ ಅದು ಟ್ಯಾರಂಟುಲಾ ಅನ್ನುವ ದೊಡ್ಡ ರೋಮದ ಜೇಡದ್ದಾಗಿರಬಹುದು. ಹುಲ್ಲುಕಡ್ಡಿ ಹಾಕಿ ಕೆಣಕಿ ಹೊರಗೆ ಕರೆಯುವ ಫೋಟೋಗ್ರಾಫರುಗಳಿದ್ದಾರೆ, ನನಗೆ ಆ ಆಟ ಇಷ್ಟವಿಲ್ಲ. ಅದು ಕಚ್ಚಿದರೆ ಊತ, ನೋವು ಜೋರಾಗೇ ಇರುತ್ತದೆ. ಯಾವ ಜೇಡ ಕಚ್ಚಿದರೂ ನೋವು ಏರುತ್ತಾ ಹೋದರೆ, ಬೆವರು, ಸೆಳೆತ ಬಂದರೆ ಆಸ್ಪತ್ರೆಗೆ ಹೋಗಬೇಕು. ಮಗು ಕಾಯಿಲೆ ಬೀಳುವುದು ಜೇಡದಿಂದ ಅಂತ ಕೂತರೆ ಅಸಲಿ ಅಪಾಯ ಕಾಲಡಿಯಲ್ಲೇ ಉಳಿದುಬಿಡುತ್ತದೆ.

ಅದೇ ಉಣುಗು. ಉಣ್ಣೆ ಅಂತಲೂ ಕರೆಯುತ್ತೀರಿ. ಕ್ಯಾಸನೂರು ಕಾಡಿನ ಕಾಯಿಲೆ, ಜನರ ಬಾಯಲ್ಲಿ ಮಂಗನ ಕಾಯಿಲೆ, 1957ರಲ್ಲಿ ಮೊದಲು ಪತ್ತೆಯಾದದ್ದು ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಜನ ಸತ್ತದ್ದು ನಿಮಗೆ ನೆನಪಿರಬಹುದು. ಕಾಯಿಲೆ ಬಿದ್ದವರಲ್ಲಿ ನೂರಕ್ಕೆ ಮೂರರಿಂದ ಐದು ಜನ ಸಾಯುತ್ತಾರೆ. ವೈರಸ್ ಹರಡುವುದು ಮುಖ್ಯವಾಗಿ ಉಣುಗಿನ ಮರಿಗಳು. ಅವು ಎಳ್ಳಿಗಿಂತ ಸಣ್ಣ, ಕಣ್ಣಿಗೆ ಬೀಳುವುದೇ ಕಷ್ಟ. ಮಳೆಗಾಲ ಮುಗಿದ ಮೇಲೆ ಹೆಚ್ಚಾಗಿ ಮೇ ತಿಂಗಳವರೆಗೂ ತರಗೆಲೆ, ಗಿಡ್ಡ ಪೊದೆಗಳ ಮೇಲೆ ಕಾದಿರುತ್ತವೆ. ಜನವರಿಯಿಂದ ಏಪ್ರಿಲ್ ಕಾಯಿಲೆಯ ಬಿರುಸಿನ ಕಾಲ. ನೀವು ಕ್ಯಾಮೆರಾ ಹಿಡಿದು ಸೊಪ್ಪಿನ ಬೆಟ್ಟಕ್ಕೆ ಹೋಗುವುದೂ ಅದೇ ಕಾಲದಲ್ಲಿ. ಕಾಡಿಗೆ ಹೋಗಿ ದರಗು (ತರಗೆಲೆ) ಗುಡಿಸುವವರಿಗೆ ಇರುವ ಅಪಾಯ, ಇರುವೆ ಫೋಟೋಗೆ ಬೋರಲು ಮಲಗುವವರಿಗೂ ಇದೆ. ದೂರ ನಿಂತು ಹಕ್ಕಿ ಫೋಟೋ ತೆಗೆಯುವವರು ನಮ್ಮಷ್ಟು ನೆಲಕ್ಕೆ ತಾಗುವುದಿಲ್ಲ.

ಹೊರಡುವ ಮೊದಲು ಊರಿನ ಆಶಾ ಕಾರ್ಯಕರ್ತೆಯನ್ನೋ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೋ ಕೇಳಿ, ಆ ಸೀಸನ್ನಿನಲ್ಲಿ ಸುತ್ತಮುತ್ತ ಮಂಗ ಸತ್ತಿದೆಯಾ, ಜ್ವರ ಇದೆಯಾ ಅಂತ. ಇದೆ ಅಂದರೆ ಬೆಟ್ಟ ಬೇಡ, ಅಂಗಳದಲ್ಲೇ ತೆಗೆಯಿರಿ. ಸತ್ತ ಮಂಗನ ಹತ್ತಿರ ಯಾರೂ ಸುಳಿಯಬಾರದು. ಮಂಗ ಸತ್ತ ಮೇಲೆ ಮೈಮೇಲಿನ ಉಣುಗುಗಳು ಉದುರಿ ಅಲ್ಲೇ ಹರಡಿರುತ್ತವೆ. ದೂರದಿಂದಲೇ ವಾಪಸ್ ಬಂದು ಆರೋಗ್ಯ ಇಲಾಖೆಗೆ ತಿಳಿಸಿ. ಮಾಮೂಲಿ ದಿನಗಳಲ್ಲೂ ತುಂಬು ತೋಳಿನ ತಿಳಿ ಬಣ್ಣದ ಅಂಗಿ ಇರಲಿ, ಪ್ಯಾಂಟನ್ನು ಸಾಕ್ಸ್ ಒಳಗೆ ತುರುಕಿ. ಚಪ್ಪಲಿಯಲ್ಲಿ ಬರುವ ಮಕ್ಕಳನ್ನು ವಾಪಸ್ ಕಳಿಸಿ. ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಹಂಚುವ ಡೇಪಾ ಎಣ್ಣೆ ಸಿಕ್ಕರೆ ಕೈಕಾಲಿಗೆ ಹಚ್ಚಿ. ಮೊಣಕಾಲೂರಲು ಬಿಳಿ ಪ್ಲಾಸ್ಟಿಕ್ ಹಾಳೆ ಒಯ್ಯಿರಿ, ಅದರ ಮೇಲೆ ಉಣುಗು ಹರಿದರೆ ಕಾಣುತ್ತದೆ. ಮನೆಗೆ ಬಂದ ಕೂಡಲೇ ಬಿಸಿ ನೀರಲ್ಲಿ ಸೋಪು ಹಚ್ಚಿ ಸ್ನಾನ, ಬಟ್ಟೆಯೂ ಬಿಸಿ ನೀರಿಗೆ. ಕಂಕುಳು, ತೊಡೆ ಸಂದಿ, ಕಿವಿ ಹಿಂದೆ ಹುಡುಕಿ. ಕಚ್ಚಿಕೊಂಡಿದ್ದರೆ ಚಿಮಟದಲ್ಲಿ ಚರ್ಮಕ್ಕೆ ತೀರಾ ಹತ್ತಿರ ಹಿಡಿದು ನೇರಕ್ಕೆ ಎಳೆಯಿರಿ. ಸುಣ್ಣ, ಸೀಮೆಎಣ್ಣೆ, ಬೀಡಿ ಬೆಂಕಿ ಯಾವುದೂ ಬೇಡ. ಉಗುರಲ್ಲಿ ಕುಕ್ಕಲೂಬಾರದು. ಕಚ್ಚಿದ ಉಣುಗಿನಲ್ಲೆಲ್ಲ ವೈರಸ್ ಇರುತ್ತದೆ ಅಂತೇನಿಲ್ಲ, ಗಾಬರಿ ಬೇಡ. ಆದರೆ ಮುಂದಿನ ಹತ್ತು ಹನ್ನೆರಡು ದಿನದಲ್ಲಿ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಡಾಕ್ಟರಿಗೆ ಮೊದಲು 'ಕಾಡಿಗೆ ಹೋಗಿದ್ದೆ' ಅಂತ ಹೇಳಿ. ಹೇಳದಿದ್ದರೆ ಸುಮ್ನೆ ವೈರಲ್ ಜ್ವರ ಅಂತ ಮಾತ್ರೆ ಕೊಟ್ಟು ಕಳಿಸಿಬಿಡಬಹುದು.

ಆಗುಂಬೆ ಕೇಳಿದ್ದೀರಿ. ಆ ಭಾಗದ ಕಾಡು ಬಹುಪಾಲು ರಕ್ಷಿತಾರಣ್ಯ, ಘಾಟಿಯ ಕೆಳಗೆ ಸೋಮೇಶ್ವರ ವನ್ಯಜೀವಿ ಧಾಮ. ಅನುಮತಿ ಇಲ್ಲದೆ ಒಳಗೆ ಹೋಗುವ ಹಾಗಿಲ್ಲ, ಅದರಲ್ಲೂ ರಾತ್ರಿ. ಧಾಮದೊಳಗಿಂದ ಹುಳ ಹಿಡಿದು ತರುವುದು ಅಪರಾಧ. ಅನುಮತಿ ಸಿಕ್ಕರೆ ಹೋಗಿ ಬನ್ನಿ, ಚೆಂದದ ಜಾಗ. ಆದರೆ ಜೇಡಕ್ಕಾಗಿ ಅಷ್ಟು ದೂರ ಬೇಕಿಲ್ಲ. ಬಂಗಾರದ ಬಣ್ಣದ ನೂಲಲ್ಲಿ ಬಾಗಿಲಗಲ ಬಲೆ ನೇಯುವ ದೊಡ್ಡ ಜೇಡ ನೋಡಬೇಕೆಂದರೆ ಬೇಸಿಗೆಯಲ್ಲಿ ಎಲ್ಲಿ ಹೋದರೂ ಸಿಗುವುದು ಹೆಚ್ಚಾಗಿ ಮರಿಗಳೇ. ಅವು ಬೆಳೆದು ನಿಲ್ಲುವುದು ಮಳೆಗಾಲದಲ್ಲಿ, ಗೌರಿ ಹಬ್ಬದ ಆಸುಪಾಸು ನಿಮ್ಮ ತೋಟದ ದಾರಿಯಲ್ಲೇ ಮುಖಕ್ಕೆ ತಗಲುತ್ತವೆ. ಸದ್ಯಕ್ಕೆ ದಾಸವಾಳದ ಬೇಲಿ, ಬಾಳೆ ಎಲೆಯ ಅಡಿ, ಬಚ್ಚಲ ಗೋಡೆ ಸಾಕಷ್ಟಾಯಿತು. ರಾತ್ರಿ ಅಂಗಳದಲ್ಲಿ ನಿಂತು ಟಾರ್ಚನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಹುಲ್ಲಿನ ಕಡೆ ನೋಡಿ, ತೋಳಜೇಡಗಳ ಕಣ್ಣು ಹಸಿರು ಚುಕ್ಕೆಯಾಗಿ ತಿರುಗಿ ಹೊಳೆಯುತ್ತವೆ. ಮಕ್ಕಳಿಗೆ ಇದೊಂದೇ ಸಾಕು. ಭರಣಿ, ಕೃತ್ತಿಕೆ ಮಳೆ ಬಿದ್ದ ಮಾರನೇ ದಿನಗಳನ್ನು ಮಾತ್ರ ತಪ್ಪಿಸಬೇಡಿ. ರೆಕ್ಕೆ ಗೆದ್ದಲು ಎದ್ದ ಸಂಜೆ ಅವನ್ನು ತಿನ್ನಲು ಜೇಡಗಳೆಲ್ಲ ಹೊರಗೆ ಬಂದಿರುತ್ತವೆ.

ಮೊಟ್ಟೆಯ ಗೂಡು ಕಾಯುತ್ತಿರುವ ಜೇಡವನ್ನು ಓಡಿಸಬೇಡಿ, ಸುರುಳಿ ಸುತ್ತಿದ ಎಲೆ ಬಿಚ್ಚಬೇಡಿ. ಇನ್ನು ಕೊಳ್ಳುವ ಮಾತಿಗೆ ಒಂದು ಸೇರಿಸುತ್ತೇನೆ. ಸೆಕೆಂಡ್ ಹ್ಯಾಂಡ್ ಲೆನ್ಸ್ ತಗೊಂಡರೆ ಟಾರ್ಚ್ ಬಿಟ್ಟು ಒಳಗೆ ಜೇಡರಬಲೆಯಂಥ ಎಳೆ ಇದೆಯಾ ನೋಡಿ, ಅದು ಬೂಷ್ಟು. ನಮ್ಮ ಮಳೆಗಾಲಕ್ಕೆ ಹೊಸ ಲೆನ್ಸಿಗೂ ಹಿಡಿಯುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹಾಕಿಡಿ, ಮಣಿಗಳ ಬಣ್ಣ ಬದಲಾದಾಗ ಬಾಣಲೆಯಲ್ಲಿ ಹದ ಬಿಸಿ ಮಾಡಿ ಮತ್ತೆ ಬಳಸಬಹುದು.

ಫೋಮ್ ಹಾಳೆ ಹಾಕಿದ್ದೊಂದು, ಹಾಕದ್ದೊಂದು, ಎರಡು ಫೋಟೋ ಕ್ರಾಪ್ ಮಾಡದೆ ಕಳಿಸಿ. ಕ್ಲೋಸ್-ಅಪ್ ಲೆನ್ಸ್ ಕೊಳ್ಳುವುದು ಬೇಕೋ, ಇದ್ದದ್ದರಲ್ಲೇ ಆಗುತ್ತದೋ ಅಂತ ಅದನ್ನು ನೋಡಿ ಹೇಳುತ್ತೇನೆ.